ಬೆರಳ ತುದಿ ಹೋದ ಗಿಟಾರಿಸ್ಟ್: ಟೋನಿ ಅಯೋಮಿ ಬಗ್ಗೆ ಮಾತಾಡೋಣ ಬನ್ನಿ

ಎಡಗೈ ಗಿಟಾರು:

ಇಂಗ್ಲೆಂಡಿನ ಹೆವಿ ಮೆಟಲ್ (ಭಾರದ ದನಿಯ ರಾಕ್ ಸಂಗೀತ) ತಂಡ ಬ್ಲ್ಯಾಕ್ ಸಬ್ಬತ್ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಆಝಿ ಆಸ್ಬೋರ್ನ್. ತಪ್ಪೇನಿಲ್ಲ. ಆದರೆ ಒಂದು ಲೆಕ್ಕ ನೋಡಿ. ಆ ತಂಡದ ಸ್ಟುಡಿಯೋ ಆಲ್ಬಂ ಒಟ್ಟು 19. ಆಝಿ ಹಾಡಿದ್ದು 9ರಲ್ಲಿ. ಟೋನಿ ಮಾರ್ಟಿನ್ 5, ರಾನಿ ಜೇಮ್ಸ್ ಡಿಯೋ 3, ಇಯಾನ್ ಗಿಲನ್ 1, ಗ್ಲೆನ್ ಹ್ಯೂಸ್ 1. ಹತ್ತೊಂಬತ್ತರಲ್ಲೂ ಇರುವವನು ಒಬ್ಬನೇ, ಗಿಟಾರ್ ಹಿಡಿದ ಟೋನಿ ಅಯೋಮಿ.

ಕತೆ ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. 1948ರ ಫೆಬ್ರವರಿ 19ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ್ದು. ಇಟಲಿ ಮೂಲದ ಮನೆತನ, ಒಬ್ಬನೇ ಮಗ. ಮೊದಲು ಕೈಗೆ ಬಂದದ್ದು ಅಕಾರ್ಡಿಯನ್. ಆಮೇಲೆ ಶ್ಯಾಡೋಸ್ ತಂಡದ ಹ್ಯಾಂಕ್ ಮಾರ್ವಿನ್ ನುಡಿಸಿದ್ದು ಕೇಳಿ ಗಿಟಾರ್ ಹುಚ್ಚು ಹಿಡಿಯಿತು. ಆತ ಎಡಚ. ಅಂದರೆ ತಂತಿ ಒತ್ತುವುದು ಬಲಗೈ ಬೆರಳು.

17ನೇ ವಯಸ್ಸಿನಲ್ಲಿ ಶೀಟ್ ಮೆಟಲ್ ಕಾರ್ಖಾನೆಯಲ್ಲಿ ವೆಲ್ಡಿಂಗ್ ಕೆಲಸ. ಒಂದು ತಂಡದ ಜೊತೆ ಯುರೋಪಿಗೆ ಹೊರಡುವುದಿತ್ತು, ಹಾಗಾಗಿ ಕೆಲಸ ಬಿಟ್ಟಿದ್ದ. ಅದು ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ವಾಪಸ್ ಹೋಗಲ್ಲ ಅಂದ. ಹಿಡಿದ ಕೆಲಸ ಮುಗಿಸಿ ಬಾ ಅಂತ ಅಮ್ಮ ಕಳಿಸಿದರು. ಅವತ್ತು ಪ್ರೆಸ್ ಮೆಷಿನ್‌ನವನು ರಜೆ. ಇವನನ್ನು ಅಲ್ಲಿ ನಿಲ್ಲಿಸಿದರು. ಪ್ರೆಸ್ ಕೈ ಮೇಲೆ ಇಳಿಯಿತು, ಗಾಬರಿಯಲ್ಲಿ ಕೈ ಎಳೆದುಕೊಂಡ. ಬಲಗೈಯ ನಡುಬೆರಳು, ಉಂಗುರ ಬೆರಳು, ಎರಡರ ತುದಿಯೂ ಹೋಯಿತು.

ಆ ಅಪಘಾತ ಆಗದಿದ್ದರೆ ಹೆವಿ ಮೆಟಲ್ ಹುಟ್ಟುತ್ತಲೇ ಇರಲಿಲ್ಲ ಅಂತ ಎಲ್ಲ ಕಡೆ ಬರೆಯುತ್ತಾರೆ. ನಿಜಾನಾ? ನಿಮಗೇನನಿಸುತ್ತೆ?

ಪೀಣ್ಯ ಫಿಟ್ಟರ್:

ಸಂಗೀತದ ಬಗ್ಗೆ ನಿಮ್ಮಷ್ಟು ಗೊತ್ತಿಲ್ಲ ಸರ್. ಪ್ರೆಸ್ ಬಗ್ಗೆ ಗೊತ್ತು. "ಅವತ್ತು ಆಪರೇಟರ್ ಬಂದಿರಲಿಲ್ಲ, ಇವನನ್ನು ನಿಲ್ಲಿಸಿದರು" ಅಂತ ಓದಿ ಮೈ ಜುಂ ಅಂತು. ಎಲ್ಲ ಊರಿನಲ್ಲೂ ಹೀಗೇ ಆಗೋದು. ದಿನಾ ನಿಲ್ಲುವವನಿಗೆ ಆ ಮೆಷಿನ್‌ನ ತಾಳ ಗೊತ್ತಿರುತ್ತೆ. ಹೊಸಬ ಒಂದು ಕ್ಷಣ ತಡ ಮಾಡುತ್ತಾನೆ. ಈಗಿನ ಪ್ರೆಸ್‌ಗಳಲ್ಲಿ ಎರಡೂ ಕೈಯಲ್ಲಿ ಬಟನ್ ಒತ್ತಿದರೆ ಮಾತ್ರ ಕೆಳಗಿಳಿಯುತ್ತೆ. ಆದರೂ ಉತ್ಪಾದನೆ ಜಾಸ್ತಿ ಬೇಕು ಅಂತ ಒಂದು ಬಟನ್‌ಗೆ ಟೇಪ್ ಸುತ್ತಿ ಇಡುವ ಜಾಗಗಳಿವೆ. ನನ್ನದೂ ಒಂದು ತುದಿ ಹಾಗೇ ಹೋಗಿದ್ದು. ಯಾವ ಕಂಪನಿ ಅಂತ ಹೇಳಲ್ಲ ಬಿಡಿ.

ಆಮೇಲೆ ಆತ ಹೇಗೆ ನುಡಿಸಿದ? ಅದನ್ನು ಹೇಳಿ.

ಎಡಗೈ ಗಿಟಾರು:

ಡಾಕ್ಟರುಗಳು ಇನ್ನು ಗಿಟಾರ್ ಮರೆತುಬಿಡು ಅಂದರು. ಹುಡುಗ ಮಂಕಾಗಿ ಕೂತಿದ್ದಾಗ ಕಾರ್ಖಾನೆಯ ಮ್ಯಾನೇಜರ್ ಒಂದು ರೆಕಾರ್ಡ್ ತಂದು ಕೇಳು ಅಂದರಂತೆ. ಇವನಿಗೆ ಇಷ್ಟವಿರಲಿಲ್ಲ. ಬಲವಂತಕ್ಕೆ ಕೇಳಿದ. ಚೆನ್ನಾಗಿದೆ ಅಂದ ಮೇಲೆ ಅವರು ಗುಟ್ಟು ಬಿಟ್ಟರು: ಇದನ್ನು ನುಡಿಸಿದವನು ಎರಡೇ ಬೆರಳಲ್ಲಿ ತಂತಿ ಒತ್ತಿದ್ದಾನೆ. ಅದು ಜಾಂಗೋ ರೈನ್‌ಹಾರ್ಟ್. ಬೆಂಕಿ ಅನಾಹುತದಲ್ಲಿ ಎಡಗೈಯ ಎರಡು ಬೆರಳು ಸೆಟೆದುಹೋಗಿದ್ದ ಜಾಝ್ ಗಿಟಾರಿಸ್ಟ್.

ಅಲ್ಲಿಂದ ಮುಂದಿನದು ನಿಮಗೆ ಇಷ್ಟವಾಗುತ್ತೆ. ಪಾತ್ರೆ ತೊಳೆಯುವ ಫೇರಿ ಲಿಕ್ವಿಡ್‌ನ ಪ್ಲಾಸ್ಟಿಕ್ ಬಾಟಲಿ ತಗೊಂಡು ಕರಗಿಸಿ ಉಂಡೆ ಮಾಡಿದ. ಬಿಸಿ ಸಾಲ್ಡರಿಂಗ್ ಕಡ್ಡಿಯಲ್ಲಿ ಬೆರಳು ಹೋಗುವಷ್ಟು ತೂತು ಕೊರೆದ. ಉಪ್ಪುಕಾಗದ ಹಾಕಿ ಉಜ್ಜಿ ಉಜ್ಜಿ ಬೆರಳ ತುದಿಯ ಆಕಾರಕ್ಕೆ ತಂದ. ಬರಿಯ ಪ್ಲಾಸ್ಟಿಕ್ ತಂತಿಯ ಮೇಲೆ ಜಾರುತ್ತಿತ್ತು. ಹಳೆಯ ಚರ್ಮದ ಜಾಕೆಟ್ ಕತ್ತರಿಸಿ ತುಂಡು ಅಂಟಿಸಿದ. ಇಷ್ಟೇ.

ಇನ್ನೊಂದು ತೊಂದರೆ ತಂತಿಯದು. ಆ ಕಾಲಕ್ಕೆ ಅಂಗಡಿಯಲ್ಲಿ ಸಿಗುತ್ತಿದ್ದ ತಂತಿಗಳು ದಪ್ಪ. ಟೊಪ್ಪಿ ಹಾಕಿದ ಬೆರಳಿಗೆ ಸ್ಪರ್ಶವೇ ಗೊತ್ತಾಗಲ್ಲ, ಎಷ್ಟು ಒತ್ತಬೇಕು ಅಂತ ತಿಳಿಯಲ್ಲ. ತೆಳು ತಂತಿ ಮಾಡಿಕೊಡಿ ಅಂದರೆ ಕಂಪನಿಗಳು ಒಪ್ಪಲಿಲ್ಲ. ಬ್ಯಾಂಜೋ ಅನ್ನೋ ವಾದ್ಯದ ತೆಳು ತಂತಿ ತಂದು ಗಿಟಾರ್‌ಗೆ ಕಟ್ಟಿದ.

ಪೀಣ್ಯ ಫಿಟ್ಟರ್:

ಇವನು ನಮ್ಮ ಜಾತಿಯವನೇ ಬಿಡಿ. ವರ್ಕ್‌ಶಾಪ್ ಜಾತಿ.

ಹುಬ್ಬಳ್ಳಿ ಬೇಸ್:

ಮೂಲ ಪ್ರಶ್ನೆಗೆ ನಾನು ಅಡ್ಡ ಬರ್ತೀನ್ರಿ. ಅಪಘಾತದಿಂದಲೇ ಮೆಟಲ್ ಹುಟ್ಟಿತು ಅನ್ನೋದು ಕೇಳಲಿಕ್ಕೆ ಚೆಂದ, ಲೆಕ್ಕಕ್ಕೆ ಕೂಡಲ್ಲ. ಎಲ್ಲರೂ ಹೇಳುವುದು ಏನು? ಬೆರಳು ನೋಯುತ್ತಿತ್ತು, ಅದಕ್ಕೆ ತಂತಿ ಸಡಿಲ ಮಾಡಿ ಶ್ರುತಿ ಇಳಿಸಿದ, ಅದಕ್ಕೆ ಆ ಭಾರದ ದನಿ ಬಂತು. ಆದರೆ ಶ್ರುತಿ ಮೂರು ಸ್ಥಾನ ಇಳಿದದ್ದು 1971ರ 'ಮಾಸ್ಟರ್ ಆಫ್ ರಿಯಾಲಿಟಿ'ಯಲ್ಲಿ, ಮೂರನೇ ಆಲ್ಬಂನಲ್ಲಿ. ಮೊದಲೆರಡು ಆಲ್ಬಂ ಮಾಮೂಲಿ ಶ್ರುತಿಯವೇ. ಮೊದಲನೆಯದರ ಮೊದಲ ಹಾಡು ಕೇಳಿ. ಅದಕ್ಕಿಂತ ಭಾರ ಇನ್ನೇನು ಬೇಕು?

ಎರಡೇ ಸ್ವರದ ಪವರ್ ಕಾರ್ಡ್ ಕೂಡ ಆತ ಕಂಡುಹಿಡಿದದ್ದಲ್ಲ. 1958ರಲ್ಲೇ ಲಿಂಕ್ ರೇ ಬಾರಿಸಿದ್ದ. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ಸ್ಪೀಕರನ್ನು ಬ್ಲೇಡಿನಿಂದ ಸೀಳಿ ಆ ಹರಿದ ದನಿ ತಂದಿದ್ದ. ಅವರ ಬೆರಳೆಲ್ಲ ನೆಟ್ಟಗಿದ್ದವು.

ಇನ್ನೊಂದು ಮಾತು, ಬೇಸ್ ನುಡಿಸುವವನ ಹೊಟ್ಟೆಕಿಚ್ಚು ಅಂದುಕೊಳ್ಳಿ. ಸಬ್ಬತ್‌ನಲ್ಲಿ ಒಂದೇ ಗಿಟಾರು. ಗೀಝರ್ ಬಟ್ಲರ್ ಮೊದಲು ರಿದಮ್ ಗಿಟಾರ್ ನುಡಿಸುತ್ತಿದ್ದವನು. ಬೇಸ್ ಹಿಡಿದ ಮೇಲೂ ಗಿಟಾರ್ ಹೋದ ದಾರಿಯಲ್ಲೇ ಹೋದ, ಅದೇ ರಿಫ್ (ಮತ್ತೆ ಮತ್ತೆ ಬರುವ ಸ್ವರಗಳ ಸಾಲು), ಅದೇ ತಂತಿ ಎಳೆತ. ನೀವು ಅಯೋಮಿಯ ದಪ್ಪ ದನಿ ಅನ್ನುವುದರಲ್ಲಿ ಅರ್ಧ ಪಾಲು ಗೀಝರ್‌ದು.

ಸುಮ್ನೆ ಕೇಳ್ದೆ:

ಅಂದ್ರೆ ಅಪಘಾತಕ್ಕೂ ಇದಕ್ಕೂ ಸಂಬಂಧವೇ ಇಲ್ವಾ?

ಹುಬ್ಬಳ್ಳಿ ಬೇಸ್:

ಇದೆ. ಆದರೆ ನೇರವಾಗಿಲ್ಲ. ತೊಂದರೆ ಬಂದಾಗ ಆತ ಏನು ಮಾಡ್ತಾನೆ ಅನ್ನೋದು ಅಲ್ಲಿ ಕಾಣ್ತದ. ಮೊದಲ ಆಲ್ಬಂ ರೆಕಾರ್ಡ್ ಆಗುವಾಗ ಆತನ ಫೆಂಡರ್ ಸ್ಟ್ರಾಟೋಕಾಸ್ಟರ್ ಗಿಟಾರ್‌ನ ಪಿಕಪ್ (ತಂತಿಯ ದನಿ ಹಿಡಿಯುವ ಭಾಗ) ಕೆಟ್ಟಿತು. ಪಕ್ಕದಲ್ಲಿ ಬದಲಿಗೆ ಅಂತ ಇಟ್ಟಿದ್ದ ಗಿಬ್ಸನ್ ಎಸ್‌ಜಿ ಗಿಟಾರ್ ಎತ್ತಿಕೊಂಡ. ಆಮೇಲೆ ಜೀವನಪೂರ್ತಿ ಎಸ್‌ಜಿ. ಇಡೀ ಆಲ್ಬಂ ಒಂದೇ ದಿನದಲ್ಲಿ ಮುಗಿಸಿದ್ದರು, 1969ರ ಅಕ್ಟೋಬರ್‌ನಲ್ಲಿ. ಗಿಟಾರ್ ಕೆಟ್ಟಿತು ನಾಳೆ ನೋಡೋಣ ಅನ್ನಲಿಕ್ಕೆ ನಾಳೆಯೇ ಇರಲಿಲ್ಲ.

ಮಂದ್ರ ವೀಣೆ:

ನಾನು ವೀಣೆ ಕಲಿಯುತ್ತಿರುವವಳು. ಮೆಟಲ್ ಕೇಳುವುದು ನನ್ನ ತಮ್ಮ. ಗೋಡೆಯ ಆಚೆಯಿಂದ ಕೇಳಿ ಕೇಳಿ ನನಗೂ ಗೊತ್ತಾಗಿದೆ. ಆ ಮೊದಲ ಹಾಡಿನ ರಿಫ್ ಒಂದು ದಿನ ವೀಣೆಯಲ್ಲಿ ಹಿಡಿದು ನೋಡಿದೆ. ಮೂರೇ ಸ್ವರ. ಕೆಳಗಿನ ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಇಳಿದು ಪ್ರತಿ ಮಧ್ಯಮ. ಆ ಪ್ರತಿ ಮಧ್ಯಮ ಸುಮ್ಮನೆ ನಿಲ್ಲುವುದಿಲ್ಲ. ಪಂಚಮವನ್ನು ತಾಗಿ ತಾಗಿ ನಡುಗುತ್ತದೆ. ನಾವು ಕಂಪಿತ ಅನ್ನುತ್ತೀವಲ್ಲ, ಹೆಚ್ಚು ಕಡಿಮೆ ಹಾಗೆ.

ತಮಾಷೆ ಏನೆಂದರೆ, ಪಶ್ಚಿಮದವರು ಷಡ್ಜಕ್ಕೂ ಪ್ರತಿ ಮಧ್ಯಮಕ್ಕೂ ನಡುವಿನ ಈ ಅಂತರವನ್ನು ಸಂಗೀತದೊಳಗಿನ ಸೈತಾನ ಅಂತ ಕರೆದವರು. ನಮ್ಮಲ್ಲಿ ಅದೇ ಸ್ವರ ಕಲ್ಯಾಣಿ ರಾಗದ ಜೀವ. 72 ಮೇಳಕರ್ತ (ಮೂಲ) ರಾಗಗಳಲ್ಲಿ 37ರಿಂದ ಆಚೆಗೆ 36 ಪ್ರತಿ ಮಧ್ಯಮದವೇ. ಅದೇ ಸ್ವರ, ಕಲ್ಯಾಣಿಯಲ್ಲಿ ಮದುವೆ ಮನೆ, ಸಬ್ಬತ್‌ನಲ್ಲಿ ಸ್ಮಶಾನ. ಯಾಕೆ ಅಂತ ಯೋಚಿಸಿದೆ. ಕಲ್ಯಾಣಿಯಲ್ಲಿ ಅದರ ಸುತ್ತ ಅಂತರ ಗಾಂಧಾರ, ನಿಷಾದ ಎಲ್ಲ ಬಂಧು ಬಳಗ ಇರುತ್ತೆ. ಇಲ್ಲಿ ಯಾರೂ ಇಲ್ಲ. ಷಡ್ಜದ ಎದುರು ಒಂಟಿ. ಜೊತೆಗೆ ಆ ವಿಳಂಬ ಕಾಲ. ಹೆದರಿಕೆ ಸ್ವರದಲ್ಲಿಲ್ಲ, ಅದನ್ನು ಒಂಟಿ ಬಿಟ್ಟಿದ್ದರಲ್ಲಿದೆ ಅಂತ ನನ್ನ ಅನಿಸಿಕೆ.

ಎಡಗೈ ಗಿಟಾರು:

ಮೇಡಂ, ಇದು ಈ ಥ್ರೆಡ್‌ನ ಬೆಸ್ಟ್ ಪೋಸ್ಟ್. ಒಂದು ಸೇರಿಸುತ್ತೇನೆ. ಗುಸ್ತಾವ್ ಹೋಲ್ಸ್ಟ್ ಎಂಬ ಇಂಗ್ಲಿಷ್ ಸಂಯೋಜಕ ಗ್ರಹಗಳ ಮೇಲೆ ಬರೆದ ಕೃತಿಯಲ್ಲಿ ಮಂಗಳ ಗ್ರಹದ ಭಾಗವಿದೆ. ಗೀಝರ್ ಅದನ್ನು ಬೇಸ್‌ನಲ್ಲಿ ಗುನುಗುತ್ತಿದ್ದ. ಅದು ಅಯೋಮಿಯ ಕಿವಿಯಲ್ಲಿ ಉಳಿದು ಈ ರಿಫ್ ಬಂತು ಅನ್ನುವುದು ತಂಡದವರೇ ಹೇಳುವ ಕತೆ.

ಹಳೇ ಕ್ಯಾಸೆಟ್ಟು:

ನನಗೆ 61. ಈ ತಂಡವನ್ನು ಕ್ಯಾಸೆಟ್ ಕಾಲದಿಂದ ಕೇಳಿದವನು. ಬೆರಳಿನ ಕತೆಯಲ್ಲೇ ನಿಂತುಬಿಟ್ಟಿರಲ್ಲ, ಮುಂದಕ್ಕೆ ಹೋಗೋಣ. ಅವರ ಬದುಕು ನಿಜವಾಗಿ ತಿರುಗಿದ್ದು 1968ರ ಡಿಸೆಂಬರ್‌ನಲ್ಲಿ ಅಂತ ನನ್ನ ಲೆಕ್ಕ. ಆಗ ತಂಡದ ಹೆಸರು ಅರ್ತ್. ಅದಕ್ಕೂ ಮೊದಲು ಪೋಲ್ಕಾ ಟಲ್ಕ್ ಅನ್ನೋ ವಿಚಿತ್ರ ಹೆಸರು. ಜೆಥ್ರೋ ಟಲ್ ತಂಡದವರು ಅಯೋಮಿಯನ್ನು ಕರೆದುಕೊಂಡರು. ರೋಲಿಂಗ್ ಸ್ಟೋನ್ಸ್‌ ತಂಡದವರ ಸರ್ಕಸ್ ಮಾದರಿಯ ಸಂಗೀತ ಕಾರ್ಯಕ್ರಮದ ಚಿತ್ರೀಕರಣದಲ್ಲಿ ಟಲ್ ಜೊತೆ ಬಿಳಿ ಟೋಪಿ ಹಾಕಿಕೊಂಡು ನಿಂತಿರುವುದು ಇವರೇ. ಅದರಲ್ಲಿ ಟಲ್‌ನ ಇಯಾನ್ ಆಂಡರ್ಸನ್‌ರ ಹಾಡು, ಕೊಳಲು ಮಾತ್ರ ನೇರ. ಉಳಿದವರದ್ದು ಬರೀ ನಟನೆ.

ಕೆಲವೇ ವಾರ ಅಲ್ಲಿದ್ದದ್ದು. ವಾಪಸ್ ಬಂದರು. ದೊಡ್ಡ ತಂಡ ಬಿಟ್ಟು ಊರ ಹುಡುಗರ ಹತ್ತಿರ ಯಾಕೆ ಬಂದರು ಅಂತ ಕೇಳಬೇಡಿ. ಬರುವಾಗ ಒಂದು ಬುದ್ಧಿ ತಂದರು: ಟಲ್‌ನವರು ಬೆಳಿಗ್ಗೆ 9ಕ್ಕೆ ಸರಿಯಾಗಿ ತಾಲೀಮಿಗೆ ಕೂರುತ್ತಾರೆ, ನಾವೂ ಕೂರಬೇಕು. ಬೆಳಿಗ್ಗೆ ಎದ್ದು ಉಳಿದವರನ್ನು ಹೊಡೆದೆಬ್ಬಿಸುವ ಕೆಲಸ ಇವರದ್ದೇ ಆಯಿತು. ಆಝಿ ಶಾಲೆಯಲ್ಲೂ ಇವರಿಗಿಂತ ಚಿಕ್ಕವನು, ಅಲ್ಲಿಂದಲೇ ಹೆದರಿಕೆ.

1970ರಲ್ಲಿ ಮೊದಲ ಆಲ್ಬಂ, ಅದೇ ವರ್ಷ 'ಪ್ಯಾರನಾಯ್ಡ್'. ಆ ಶೀರ್ಷಿಕೆ ಹಾಡು ಆಲ್ಬಂ ತುಂಬಲಿಲ್ಲ ಅಂತ ಕಡೆಗೆ ಸೇರಿಸಿದ್ದು. ಉಳಿದವರು ಊಟಕ್ಕೆ ಹೋಗಿ ಬರುವಷ್ಟರಲ್ಲಿ ರಿಫ್ ತಯಾರು. ಆ ಹಾಡು ಬ್ರಿಟನ್ನಿನ ಹಾಡುಗಳ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಹೋಯಿತು. ಆಲ್ಬಂಗೆ 'ವಾರ್ ಪಿಗ್ಸ್' ಅಂತ ಹೆಸರಿಡುವುದಿತ್ತು. ಅದಕ್ಕೇ ಮುಖಪುಟದಲ್ಲಿ ಕತ್ತಿ ಗುರಾಣಿ ಹಿಡಿದ ಆಸಾಮಿ. ಹೆಸರು ಬದಲಾಯಿತು, ಆಸಾಮಿ ಹಾಗೇ ಉಳಿದ.

ಸುಮ್ನೆ ಕೇಳ್ದೆ:

1979ರಲ್ಲಿ ಆಝಿಯನ್ನು ತೆಗೆದ ಮೇಲೆ ತಂಡದ ಹೆಸರು ಇಟ್ಟುಕೊಂಡಿದ್ದು ತಪ್ಪಲ್ವಾ? ಬೋರ್ಡ್ ಅದೇ, ಅಡುಗೆಯವನು ಬೇರೆ. ಗಿರಾಕಿಗೆ ಮೋಸ ಅಲ್ವಾ?

ಹಳೇ ಕ್ಯಾಸೆಟ್ಟು:

ತಮ್ಮಾ, ಅಡುಗೆಯವನು ಅದೇ. ಬದಲಾದದ್ದು ಬಡಿಸುವವನು.

ಡಿಯೋ ಬಂದ ಮೇಲೆ 1980ರಲ್ಲಿ ಬಂದ 'ಹೆವನ್ ಅಂಡ್ ಹೆಲ್' ಕೇಳು. ಆಝಿ ರಿಫ್ ಹೋದ ದಾರಿಯಲ್ಲೇ ಹಾಡುತ್ತಿದ್ದ. ಡಿಯೋ ಅದರ ಮೇಲೆ ತನ್ನದೇ ದಾರಿ ಹಿಡಿದು ಹೋಗುತ್ತಿದ್ದರು. ಗಿಟಾರ್‌ಗೆ ಜಾಗ ಸಿಕ್ಕಿತು. ನನಗೆ ಅದೇ ಅವರ ಅತ್ಯುತ್ತಮ ಆಲ್ಬಂ. ಬೈಯುವವರು ಬೈಯಿರಿ.

ಹುಬ್ಬಳ್ಳಿ ಬೇಸ್:

ಬೈಯಲ್ಲ. ಆದರೆ 1983ರ ಗಿಲನ್ ಕಾಲ ನೆನಪಿಸಲೇಬೇಕು. ವೇದಿಕೆ ಮೇಲೆ ಸ್ಟೋನ್‌ಹೆಂಜ್ (ಇಂಗ್ಲೆಂಡಿನ ಪುರಾತನ ಕಲ್ಲುವೃತ್ತ) ಕಲ್ಲುಗಳ ಸೆಟ್ ಬೇಕು ಅಂತ ಗೀಝರ್‌ಗೆ ಆಸೆ. ಅಳತೆ ಅಡಿಯಲ್ಲಿ ಬರೆಯೋದು ಮೀಟರ್ ಆಗಿಹೋಯ್ತು. ಬಂದ ಕಲ್ಲುಗಳು ಸಭಾಂಗಣದ ಒಳಗೇ ಹಿಡಿಸಲಿಲ್ಲ. ಪೀಣ್ಯದವರೇ, ಡ್ರಾಯಿಂಗ್ ತಪ್ಪಾದರೆ ಏನಾಗ್ತದ ಅಂತ ನಿಮಗೆ ಹೇಳಬೇಕಾಗಿಲ್ಲ.

ಪೀಣ್ಯ ಫಿಟ್ಟರ್:

ಇಂಚು, ಮಿಲಿಮೀಟರ್ ಜಗಳದಲ್ಲಿ ಒಂದು ಲೋಡ್ ಮಾಲು ಗುಜರಿಗೆ ಹೋದದ್ದು ಕಣ್ಣಾರೆ ನೋಡಿದ್ದೇನೆ ಸರ್.

ಎಡಗೈ ಗಿಟಾರು:

ಹೆಸರಿನ ಪ್ರಶ್ನೆಗೆ ನನ್ನ ಉತ್ತರ ಸ್ವಲ್ಪ ಬೇರೆ. 1986ರ 'ಸೆವೆಂತ್ ಸ್ಟಾರ್' ಅಯೋಮಿ ತನ್ನ ಸ್ವಂತ ಹೆಸರಲ್ಲಿ ತರಬೇಕು ಅಂತಲೇ ಮಾಡಿದ್ದು. ಕಂಪನಿಯವರು, ಮ್ಯಾನೇಜರ್ ಬಿಡಲಿಲ್ಲ. ಸಬ್ಬತ್ ಹೆಸರು ಹಾಕಿದರೇ ಮಾರಾಟ ಅಂದರು. ಕಡೆಗೆ ಎರಡೂ ಹೆಸರು ಜೊತೆಯಲ್ಲಿ ಅಚ್ಚಾಯಿತು. ಅಂದರೆ ಬೋರ್ಡ್ ಇಳಿಸೋಕೆ ಆತ ಹೊರಟಾಗ ಬೇರೆಯವರೇ ಮತ್ತೆ ಮೇಲೇರಿಸಿದರು.

ಆಮೇಲೆ ಟೋನಿ ಮಾರ್ಟಿನ್ ಕಾಲ. 1987ರಿಂದ 1995, ಐದು ಆಲ್ಬಂ. ಇದನ್ನು ಯಾರೂ ಲೆಕ್ಕಕ್ಕೇ ಇಡಲ್ಲ. 1989ರ 'ಹೆಡ್‌ಲೆಸ್ ಕ್ರಾಸ್' ಕೇಳಿ. ಡ್ರಮ್ಸ್‌ಗೆ ಕೋಝಿ ಪೊವೆಲ್, ಒಂದು ಹಾಡಿಗೆ ಕ್ವೀನ್ ತಂಡದ ಬ್ರಯಾನ್ ಮೇ ಸೋಲೋ. ಪಾಪ ಮಾರ್ಟಿನ್, ಡಿಯೋ ವಾಪಸ್ ಬಂದಾಗ ಹೊರಗೆ, ಡಿಯೋ ಹೋದ ಮೇಲೆ ಮತ್ತೆ ಒಳಗೆ. 1992ರಲ್ಲಿ ಆಝಿಯ ವಿದಾಯ ಕಾರ್ಯಕ್ರಮಕ್ಕೆ ಸಬ್ಬತ್ ಮೊದಲು ನುಡಿಸಬೇಕು ಅಂದಾಗ ಡಿಯೋ ನಾನು ಬರಲ್ಲ ಅಂದುಬಿಟ್ಟರು. ಜೂಡಾಸ್ ಪ್ರೀಸ್ಟ್‌ನ ರಾಬ್ ಹ್ಯಾಲ್ಫರ್ಡ್ ಎರಡು ರಾತ್ರಿ ಬಂದು ಹಾಡಿ ಮಾನ ಉಳಿಸಿದರು. ಆತನೂ ಬರ್ಮಿಂಗ್‌ಹ್ಯಾಮ್ ಕಡೆಯವನೇ.

ಈ ಹತ್ತು ಹದಿನೈದು ವರ್ಷ ನೋಡಿದರೆ ನನಗೆ ಪ್ಲಾಸ್ಟಿಕ್ ಟೊಪ್ಪಿಯೇ ನೆನಪಾಗುತ್ತೆ. ಏನೋ ಒಂದು ಕಿತ್ತುಹೋಗಿದೆ, ಕೈಗೆ ಸಿಕ್ಕಿದ್ದನ್ನು ಹಚ್ಚಿ ಕೆಲಸ ನಡೆಸು. ಎಲ್ಲ ಸಲವೂ ಚೆನ್ನಾಗಿ ಕೂರಲಿಲ್ಲ. 1995ರ 'ಫರ್ಬಿಡನ್' ಅಯೋಮಿಗೇ ಇಷ್ಟವಾಗಿರಲಿಲ್ಲ. ಅದನ್ನೂ ಬಿಡಲಿಲ್ಲ ನೋಡಿ. 2024ರಲ್ಲಿ ಮಾರ್ಟಿನ್ ಕಾಲದ ಆಲ್ಬಂಗಳ ಪೆಟ್ಟಿಗೆ ಬಂದಾಗ ಕೂತು ಹೊಸದಾಗಿ ಮಿಕ್ಸ್ ಮಾಡಿಸಿದ.

ಸುಮ್ನೆ ಕೇಳ್ದೆ:

ಸರಿ, ಒಪ್ಪಿದೆ. ಆದ್ರೂ 'ಫರ್ಬಿಡನ್' ಕೇಳಲ್ಲ.

ಬ್ರಾಡ್ ಸ್ಟ್ರೀಟ್ ಕನ್ನಡತಿ:

ಶಿವಮೊಗ್ಗದವಳು, ಬರ್ಮಿಂಗ್‌ಹ್ಯಾಮ್‌ಗೆ ಬಂದು 11 ವರ್ಷ. ದಿನಾ ಆಫೀಸಿಗೆ ಹೋಗುವ ದಾರಿಯಲ್ಲೇ ಬ್ಲ್ಯಾಕ್ ಸಬ್ಬತ್ ಸೇತುವೆ ಇದೆ. ಕಾಲುವೆ ಮೇಲಿನ ಸಣ್ಣ ಸೇತುವೆ. ಅದರ ಮೇಲೆ ತಂಡದ ಮೊದಲ ನಾಲ್ವರ ಮುಖ ಇರುವ ಲೋಹದ ಬೆಂಚು, 2019ರಲ್ಲಿ ಇಟ್ಟದ್ದು. ಎಷ್ಟೋ ವರ್ಷ ಅದರ ಮೇಲೆ ಕೂತು ಚಪಾತಿ ರೋಲ್ ತಿಂದಿದ್ದೇನೆ, ಯಾರು ಅಂತಲೂ ಕೇಳಿರಲಿಲ್ಲ.

ಕೇಳಿದ್ದು 2023ರಲ್ಲಿ. ಇಲ್ಲಿಯ ರಾಯಲ್ ಬ್ಯಾಲೆಯವರು ಸಬ್ಬತ್ ಹಾಡುಗಳಿಗೆ ಬ್ಯಾಲೆ ಮಾಡಿದರು. ನನ್ನ ಮಗಳು ಬ್ಯಾಲೆ ಕಲಿಯುತ್ತಾಳೆ, ಅವಳಿಗೋಸ್ಕರ ಹೋದೆ. ಕಾಲಬೆರಳ ತುದಿಯ ಮೇಲೆ ನಿಂತು ಹೆವಿ ಮೆಟಲ್‌ಗೆ ಕುಣಿಯುವುದನ್ನು ಮೊದಲ ಸಲ ನೋಡಿದೆ. ಅಕ್ಕಪಕ್ಕದಲ್ಲಿ ಕರಿ ಟೀ ಶರ್ಟ್ ಹಾಕಿದ ತಾತಂದಿರು. ಇಂಟರ್ವಲ್‌ನಲ್ಲಿ ಒಬ್ಬ ತಾತ ಬೆರಳ ಕತೆ ಹೇಳಿದರು. ಈ ಊರಲ್ಲಿ ಆ ಕತೆಗೆ ಯಾರೂ ಆಶ್ಚರ್ಯಪಡುವುದಿಲ್ಲ. ಒಂದು ಕಾಲಕ್ಕೆ ಊರೇ ಕಾರ್ಖಾನೆ. ಪ್ರತಿ ಮನೆಯಲ್ಲೂ ಇಂಥದ್ದೇ ಒಂದು ಕತೆ ಇರುತ್ತೆ, ಗಿಟಾರ್ ಇರಲ್ಲ ಅಷ್ಟೆ.

ಹಳೇ ಕ್ಯಾಸೆಟ್ಟು:

ಸಬ್ಬತ್‌ನ ಕೊನೆಯ ಕಾರ್ಯಕ್ರಮಕ್ಕೆ ಹೋಗಿದ್ದಿರಾ ಅಮ್ಮಾ? ವಿಲ್ಲಾ ಪಾರ್ಕ್ ಸ್ಟೇಡಿಯಂ?

ಬ್ರಾಡ್ ಸ್ಟ್ರೀಟ್ ಕನ್ನಡತಿ:

ಟಿಕೆಟ್ ಎಲ್ಲಿ ಸಿಗಬೇಕು ಸರ್! 2025ರ ಜುಲೈ 5. ಮನೆಯಲ್ಲಿ ದುಡ್ಡು ಕಟ್ಟಿ ಟಿವಿಯಲ್ಲಿ ನೋಡಿದ್ದು. ವಿಲ್ಲಾ ಪಾರ್ಕ್ ಇರುವುದು ಆಸ್ಟನ್‌ನಲ್ಲಿ, ಈ ನಾಲ್ವರ ಕೇರಿಯಲ್ಲೇ. ಮೊದಲ ಡ್ರಮ್ಮರ್ ಬಿಲ್ ವಾರ್ಡ್ ಕೂಡ ಬಂದಿದ್ದರು, ನಾಲ್ವರೂ ಒಟ್ಟಿಗೆ 2005ರ ನಂತರ ಮೊದಲ ಸಲ. ನಾಲ್ಕೇ ಹಾಡು. ಆಝಿಗೆ ನಿಲ್ಲಲು ಆಗುತ್ತಿರಲಿಲ್ಲ, ಸಿಂಹಾಸನದ ಮೇಲೆ ಕೂತೇ ಹಾಡಿದರು. 77 ವರ್ಷದ ಅಯೋಮಿ ನೆಟ್ಟಗೆ ನಿಂತು ನುಡಿಸಿದರು. ಮುಖದಲ್ಲಿ ಹೆಚ್ಚೇನೂ ಕಾಣಲ್ಲ, ಬ್ಯಾಂಕ್ ಮ್ಯಾನೇಜರ್ ಲೆಡ್ಜರ್ ನೋಡಿದ ಹಾಗೆ. ಹಣವೆಲ್ಲ ಮಕ್ಕಳ ಆಸ್ಪತ್ರೆ, ಪಾರ್ಕಿನ್ಸನ್ಸ್ ಸಂಶೋಧನೆಯಂಥ ಕೆಲಸಗಳಿಗೆ.

17 ದಿನಕ್ಕೆ ಆಝಿ ತೀರಿಹೋದರು. ಜುಲೈ 30ರಂದು ಅಂತಿಮ ಮೆರವಣಿಗೆ ನನ್ನ ಬೆಂಚಿನ ಮುಂದೆಯೇ ಬಂತು. ಬೆಂಚು ಕಾಣದಷ್ಟು ಹೂ.

ಎಡಗೈ ಗಿಟಾರು:

ಅಯೋಮಿಯ ಆರೋಗ್ಯವೂ ಅಷ್ಟಕ್ಕಷ್ಟೇ ಆಗಿತ್ತು ಅನ್ನೋದು ನೆನಪಿರಲಿ. 2012ರ ಜನವರಿಯಲ್ಲಿ ಲಿಂಫೋಮಾ (ಒಂದು ಬಗೆಯ ಕ್ಯಾನ್ಸರ್) ಅಂತ ಗೊತ್ತಾಯಿತು. ಆಗ ಹೊಸ ಆಲ್ಬಂ ಕೆಲಸ ನಡೆದಿತ್ತು. ಚಿಕಿತ್ಸೆಗೆ ಆರು ವಾರಕ್ಕೊಮ್ಮೆ ಮನೆಗೆ ಬರುವ ಹಾಗೆ ಪ್ರವಾಸದ ದಿನಾಂಕ ಜೋಡಿಸಿದರು. 2013ರಲ್ಲಿ '13' ಬಂತು. ಬ್ರಿಟನ್‌ನ ಆಲ್ಬಂ ಪಟ್ಟಿಯಲ್ಲಿ 'ಪ್ಯಾರನಾಯ್ಡ್' ಆಲ್ಬಂ ನಂತರ ಮತ್ತೆ ಮೊದಲ ಸ್ಥಾನ, ನಡುವೆ ಸುಮಾರು 43 ವರ್ಷ. ಅದರಲ್ಲಿ ಬಿಲ್ ವಾರ್ಡ್ ಇಲ್ಲದಿರುವುದು ನನಗೆ ಇವತ್ತಿಗೂ ಬೇಸರ.

ಮಂದ್ರ ವೀಣೆ:

ಪೀಣ್ಯದ ಅಣ್ಣನಿಗೆ ಒಂದು ಪ್ರಶ್ನೆ. ನಿಮ್ಮದೂ ಒಂದು ತುದಿ ಹೋಗಿದೆ ಅಂದಿರಿ. ನೀವೂ ಏನಾದರೂ ನುಡಿಸುತ್ತಿದ್ದಿರಾ?

ಪೀಣ್ಯ ಫಿಟ್ಟರ್:

ಹೌದಮ್ಮಾ. ತುಮಕೂರು ಕಡೆ ಗಣೇಶನ ಹಬ್ಬಕ್ಕೆ ಆರ್ಕೆಸ್ಟ್ರಾ ಹೋಗುತ್ತಿದ್ದೆ, ಗಿಟಾರ್. ಎಡಗೈ ಉಂಗುರ ಬೆರಳು ಹೋಗಿ ಒಂಬತ್ತು ವರ್ಷ. ಗಿಟಾರ್ ಅಟ್ಟದ ಮೇಲಿದೆ. ನಾನು ಎಡಚ ಅಲ್ಲ, ಹಾಗಾಗಿ ಒತ್ತುವ ಕೈಯೇ ಹೋಯಿತು, ಅವನ ಹಾಗೆ. ಇನ್ನೊಂದು ಕೈಗೆ ಬದಲಾಯಿಸಿ ಕಲಿ ಅಂದರು. ಆಗಲಿಲ್ಲ.

ಎಡಗೈ ಗಿಟಾರು:

ಆತನೂ ಬದಲಾಯಿಸಲಿಲ್ಲ ಅಣ್ಣ. ಈಗ ತೆಳು ತಂತಿಗೆ ಬ್ಯಾಂಜೋ ಹುಡುಕಬೇಕಿಲ್ಲ. ಯಾವುದೇ ಅಂಗಡಿಯಲ್ಲಿ 08 ಅಂತ ತೆಳು ತಂತಿ ಸೆಟ್ ಕೇಳಿ. ಮೂರು ಸ್ಥಾನ ಕೆಳಗೆ ಶ್ರುತಿ ಮಾಡಿ, ಇನ್ನೂ ಮೆತ್ತಗಾಗುತ್ತೆ.

ಪೀಣ್ಯ ಫಿಟ್ಟರ್:

ಎರಡು ವಾರ ಆಯಿತು, ಹೇಳಿ ಹೋಗೋಣ ಅಂತ ಬಂದೆ. ಶಾಂಪೂ ಬಾಟಲಿ ಕರಗಿಸಿದೆ. ಮೊದಲನೆಯದು ಕರಕಲು. ಎರಡನೆಯದರಲ್ಲಿ ತೂತು ಜಾಸ್ತಿ ದೊಡ್ಡದಾಯಿತು, ಉದುರಿ ಬೀಳುತ್ತೆ. ಮೂರನೆಯದು ಲೇಥ್ ಮೇಲೆ ಹಾಕಿ ಒಳಗೆ ಬೋರ್ ಮಾಡಿದೆ, ಚೆನ್ನಾಗಿ ಕೂತಿದೆ. ಹಳೆಯ ಬೆಲ್ಟ್‌ನ ಚರ್ಮ ಅಂಟಿಸಿದೆ. ಅದು ದಪ್ಪ, ಪಕ್ಕದ ತಂತಿಯನ್ನೂ ಮುಟ್ಟುತ್ತೆ.

ಹುಬ್ಬಳ್ಳಿ ಬೇಸ್:

ಬೆಲ್ಟ್ ಬ್ಯಾಡ್ರಿ. ಹಳೇ ಪರ್ಸ್ ಒಳಗಿನ ತೆಳು ಚರ್ಮ ನೋಡ್ರಿ.

ಪೀಣ್ಯ ಫಿಟ್ಟರ್:

ಪರ್ಸ್ ಇದೆ. ಮನೆಯವಳದ್ದು. ಕೇಳಿ ನೋಡ್ತೀನಿ.